ತವರದ ಅಳು

ವಿಜಯಪುರ (ದೇವನಹಳ್ಳಿ ತಾಲ್ಲೂಕು)
೯ ಜೂನ್ ೨೦೨೪

ಪ್ರೀತಿಯ ಗುರುಗಳಿಗೆ,

ನಿಮ್ಮ ಹಳೆಯ ವಿದ್ಯಾರ್ಥಿನಿ ಸಿದ್ರಾಳ ಸಲಾಮು. ನಿಮ್ಮ ಪುಸ್ತಕದ ನಲವತ್ತೊಂಬತ್ತನೆಯ ಧಾತು ಬಂದು ತಲುಪಿತು. ಇಂಡಿಯಂ ಎಂದರೆ ಇಂಡಿಯಾದಲ್ಲಿ ಸಿಕ್ಕಿದ್ದು ಎಂದು ನನ್ನ ಏಳನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಅಲ್ಲ, ಕಾಯಿಸಿದಾಗ ಅದರ ಬೆಳಕಿನಲ್ಲಿ ಕಾಣುವ ನೀಲಿ ಗೆರೆಯಿಂದ ಬಂದ ಹೆಸರು ಅದು ಎಂದು ನೀವು ಬರೆದದ್ದನ್ನೇ ಓದಿದೆ. ಮೊಬೈಲಿನ ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಬಳಿದಿರುವುದರಲ್ಲಿ ಇದೂ ಇದೆ, ಅದಿಲ್ಲದಿದ್ದರೆ ಬೆರಳು ಮುಟ್ಟಿದ್ದು ಫೋನಿಗೆ ಗೊತ್ತಾಗುವುದಿಲ್ಲ ಎಂದಾಗ ನನ್ನ ಫೋನನ್ನು ಸರದಿಯಲ್ಲಿ ನಿಂತು ಮುಟ್ಟಿ ನೋಡಿದರು. ನಿಮ್ಮ ಧಾತುಗಳ ಪುಸ್ತಕ ಅಚ್ಚಾಗುವ ಹೊತ್ತಿಗೆ ನೂರ ಹದಿನೆಂಟನ್ನೂ ಇವರು ಬಾಯಿಪಾಠ ಮಾಡಿರುತ್ತಾರೆ.

ನೀವು ಫೋನಿಗೆ ಸಿಕ್ಕಿದ್ದರೆ ಇದನ್ನೆಲ್ಲ ಐದು ನಿಮಿಷದಲ್ಲಿ ಹೇಳಿಬಿಡುತ್ತಿದ್ದೆ. ದೊಡ್ಡಬೆಳವಂಗಲದಲ್ಲಿ ಸಿಗ್ನಲ್ ಇಲ್ಲ ಎಂದು ಎರಡು ವರ್ಷದಿಂದ ಹೇಳುತ್ತಿದ್ದೀರಿ. ನಿಮ್ಮೂರಿನವಳೇ ಆದ ನಮ್ಮ ಕನ್ನಡ ಟೀಚರ್ ಜ್ಯೋತಿಲಕ್ಷ್ಮಿ ಮಾತ್ರ, ‘ನಮ್ಮೂರಲ್ಲಿ ಫುಲ್ ಸಿಗ್ನಲ್ ಇದೆ ಕಣೆ’ ಅನ್ನುತ್ತಾಳೆ. ಇರಲಿ, ಪತ್ರ ಬರೆಯುವುದು ನನಗೂ ಇಷ್ಟವೇ.

ಒಂದು ಚಿಂತೆಯನ್ನೂ ಹೇಳಿಕೊಳ್ಳಬೇಕಿದೆ. ಮಗಳು ಮೆಹಕ್‌ಗೆ ಈಗ ನಾಲ್ಕು ವರ್ಷ. ರಂಜಾನ್ ಮುಗಿದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಹೊಟ್ಟೆನೋವು ಅನ್ನುತ್ತಾಳೆ, ಮುಖ ಬಿಳಿಚಿಕೊಂಡಿದೆ, ಬರುತ್ತಿದ್ದ ಹಾಡುಗಳನ್ನೇ ಮರೆಯುತ್ತಿದ್ದಾಳೆ. ಡಾಕ್ಟರ್ ಪದ್ಮಶ್ರೀ ರಕ್ತ ಕಡಿಮೆ ಇದೆಯೆಂದು ಕಬ್ಬಿಣದ ಸಿರಪ್ ಕೊಟ್ಟರು. ಎರಡು ಬಾಟಲಿ ಮುಗಿದರೂ ಏನೂ ಗುಣ ಕಾಣಲಿಲ್ಲ. ನಮ್ಮ ಅತ್ತೆ ಬಶೀರುನ್ನೀಸಾ ಅವರದ್ದು ಒಂದೇ ಮಾತು, ‘ನಮ್ ಖಾನ್‌ದಾನಲ್ಲಿ ಯಾರ್ಗೂ ಇಂಥ ರಕ್ತ ಇಲ್ಲ. ಇದು ಇವಳ ತವರಿಂದ ಬಂದಿರೋದು.’ ನನ್ನ ಅಮ್ಮ ಚಿಕ್ಕ ವಯಸ್ಸಿಗೇ ತೀರಿಕೊಂಡರಲ್ಲ, ಅದನ್ನೇ ಹಿಡಿದುಕೊಂಡಿದ್ದಾರೆ. ನನಗೆ ಸಿಟ್ಟೂ ಬರುತ್ತದೆ, ಅವರ ಮಾತು ನಿಜವಿದ್ದರೆ ಎಂದು ಭಯವೂ ಆಗುತ್ತದೆ.

ಅಬ್ಬಾ ಮೊಮ್ಮಗಳ ಸುದ್ದಿ ಕೇಳಿ ಹೊಸಕೋಟೆಯಿಂದ ತಿದಿ, ಇದ್ದಿಲು ಸಮೇತ ಬಂದುಬಿಟ್ಟರು. ಅವರಿಗೆ ಗೊತ್ತಿರುವ ಔಷಧ ಕಲಾಯಿ ಒಂದೇ. ಮದುವೆಯಲ್ಲಿ ಕೊಟ್ಟ ತಾಮ್ರದ ದೇಗ್ಚಿ, ಹಾಲಿನ ಪಾತ್ರೆ, ಮೆಹಕ್‌ಳ ಪುಟ್ಟ ಲೋಟ, ಎಲ್ಲವನ್ನೂ ಕಾಯಿಸಿ ಒಳಗೆ ತವರ ಬಳಿದು ಫಳಫಳ ಮಾಡಿಕೊಟ್ಟು ಹೋದರು. ಫೆಬ್ರವರಿಯಲ್ಲಿ ನೀವು ಅವರ ಶೆಡ್ಡಿಗೆ ಹೋದಾಗ ಬಗ್ಗಿಸಿ ನೋಡಿದಿರಲ್ಲ, ಅದೇ ತವರದ ಪಟ್ಟಿಗಳು. ‘ಇದು ಮೇಷ್ಟ್ರು ಪಾಸ್ ಮಾಡಿರೋ ಮಾಲು’ ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು ಓಡಾಡುತ್ತಾರೆ. ಸ್ಟೀಲ್ ಪಾತ್ರೆಗಳನ್ನೆಲ್ಲ ಎತ್ತಿಟ್ಟು ಈಗ ಮೆಹಕ್‌ಗೆ ಎಲ್ಲವನ್ನೂ ಇದರಲ್ಲೇ ಮಾಡುತ್ತಿದ್ದೇನೆ. ಅವಳಿಗೆ ಸೇರುವುದು ಬೇಳೆಯ ದಾಲ್ಚಾ ಒಂದೇ, ಅದಕ್ಕೂ ಹುಣಸೆಹುಳಿ ಸ್ವಲ್ಪ ಮುಂದಾಗಿಯೇ ಇರಬೇಕು.

ಮುಂದಿನದು ಐವತ್ತು, ತವರ. ಅಬ್ಬಾಗೆ ಓದಿ ಹೇಳುವ ಆಸೆ. ಬೇಗ ಕಳಿಸಿ.

ನಿಮ್ಮ ಸಿದ್ರಾ


ದೊಡ್ಡಬೆಳವಂಗಲ
೨೦ ಜೂನ್ ೨೦೨೪

ಚಿ. ಸಿದ್ರಾಗೆ ಆಶೀರ್ವಾದ.

ನಿಮ್ಮ ಕನ್ನಡ ಟೀಚರಿಗೆ ಹೇಳು, ಅವರ ಬೀದಿಯಲ್ಲಿ ಇರುವ ಸಿಗ್ನಲ್ಲು ನಮ್ಮ ಬೀದಿಯಲ್ಲೂ ಇರಬೇಕೆಂಬ ನಿಯಮವೇನಿಲ್ಲ.

ಐವತ್ತನ್ನು ಇನ್ನೂ ತಿದ್ದುತ್ತಿದ್ದೇನೆ. ಈ ಸಲ ಐವತ್ತೊಂದು, ಆಂಟಿಮನಿ. ನಮ್ಮ ಹಳಬರು ಅಂಜನದ ಕಲ್ಲು ಎನ್ನುತ್ತಿದ್ದುದು, ನಿಮ್ಮ ಮನೆಗಳಲ್ಲಿ ಸುರ್ಮಾ ಎಂದು ಕಣ್ಣಿಗೆ ಹಚ್ಚುತ್ತಿದ್ದುದು ಇದರ ಅದಿರನ್ನೇ. ಸಾವಿರಾರು ವರ್ಷಗಳಿಂದ ಮನುಷ್ಯ ಕಣ್ಣಿನ ಅಂದಕ್ಕಾಗಿ ಕಲ್ಲು ಅರೆಯುತ್ತಿದ್ದಾನೆ. ಈಗ ಪೇಟೆಯಲ್ಲಿ ಸಿಗುವ ಸುರ್ಮಾದಲ್ಲಿ ಆಂಟಿಮನಿ ಇದ್ದರೆ ಪುಣ್ಯ. ಎಷ್ಟೋ ಡಬ್ಬಿಗಳಲ್ಲಿ ಇರುವುದು ಸೀಸದ ಅದಿರು, ನೋಡಲು ಎರಡೂ ಒಂದೇ ಕಪ್ಪು.

ಅದಕ್ಕೇ ಕೇಳುತ್ತೇನೆ, ಮಗುವಿಗೆ ಸುರ್ಮಾ ಹಚ್ಚುತ್ತೀರಾ? ಸೀಸ ಎಂಬತ್ತೆರಡನೆಯದು, ಅದರ ಸರದಿ ದೂರ ಇದೆ, ಆದರೂ ಈಗಲೇ ಹೇಳುತ್ತೇನೆ. ನಮ್ಮ ಮೈಗೆ ಸೀಸವೂ ಸುಣ್ಣದ ಅಂಶವೂ ಬೇರೆ ಎಂದು ಗೊತ್ತಾಗುವುದಿಲ್ಲ. ಬಂದದ್ದನ್ನು ಮೂಳೆಯೊಳಗೆ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ದೊಡ್ಡವರ ಮೈ ಎಷ್ಟೋ ಭಾಗ ಹೊರಹಾಕೀತು, ಚಿಕ್ಕ ಮಕ್ಕಳ ಮೈ ಬಹುಪಾಲು ಉಳಿಸಿಕೊಳ್ಳುತ್ತದೆ. ಕಬ್ಬಿಣ ರಕ್ತವಾಗುವ ದಾರಿಗೆ ಅದು ಅಡ್ಡ ನಿಲ್ಲುತ್ತದೆ, ಸಿರಪ್ ಎಷ್ಟು ಕುಡಿಸಿದರೂ ಪ್ರಯೋಜನವಿಲ್ಲ. ರಕ್ತದಲ್ಲಿ ಸೀಸ ಎಷ್ಟಿದೆ ನೋಡಿ ಎಂದು ಡಾಕ್ಟರಿಗೆ ನೀನಾಗಿಯೇ ಕೇಳು, ತಡಮಾಡಬೇಡ.

ಮರೆತೆ. ನಜೀಬುಲ್ಲಾ ಸಾಬರು ಆ ಪಟ್ಟಿಗಳನ್ನು ಎಲ್ಲಿಂದ ತರಿಸಿದರು? ಸುಮ್ಮನೆ ಕುತೂಹಲಕ್ಕೆ ಕೇಳಿದೆ.

ಗೋಪಾಲಪ್ಪ


ವಿಜಯಪುರ
೧೪ ಜುಲೈ ೨೦೨೪

ಪ್ರೀತಿಯ ಗುರುಗಳಿಗೆ,

ನೀವು ಹೇಳಿದ್ದು ಸರಿಯಾಯಿತು. ಬೆಂಗಳೂರಿನ ಲ್ಯಾಬಿಗೆ ಹೋದ ರಕ್ತದ ವರದಿ ಬಂತು. ಸೀಸ ಮೂವತ್ತೊಂದು ಇದೆ. ಐದರ ಒಳಗೆ ಇರಬೇಕಂತೆ. ಡಾಕ್ಟರ್ ಪದ್ಮಶ್ರೀ ನಿಮ್ಮ ಪತ್ರವನ್ನು ಕೇಳಿ ಪಡೆದು ಓದಿದರು, ‘ಇವರು ಯಾರ್ರೀ?’ ಅಂದರು. ನನಗೆ ಹೆಮ್ಮೆ ಆಯಿತು.

ಸುರ್ಮಾ ಹಚ್ಚುತ್ತಿದ್ದವರು ಅತ್ತೆ. ಪ್ರತಿ ಶುಕ್ರವಾರ ಮೆಹಕ್‌ಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಚ್ಚುತ್ತಿದ್ದರು. ವರದಿ ಓದಿದ ಮೇಲೆ ನಮ್ಮವರು, ಸಕ್ಲೇನ್, ಆ ಬೆಳ್ಳಿಯ ಡಬ್ಬಿಯನ್ನು ಎತ್ತಿ ಹೊರಗೆ ಎಸೆದರು. ಅತ್ತೆ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ‘ನಿನಗೂ ಇದೇ ಹಚ್ಚಿ ಬೆಳೆಸಿದೀನಿ ಕಣಪ್ಪಾ’ ಎಂದಷ್ಟೇ ಮಗನಿಗೆ ಹೇಳಿದರು. ಅಂದಿನಿಂದ ಅಡುಗೆಮನೆಗೆ ಬರುತ್ತಿಲ್ಲ, ಮಗುವನ್ನು ಮುಟ್ಟುತ್ತಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ನನಗೆ ಒಳಗೊಳಗೇ ಗೆದ್ದ ಹಾಗೆ ಆಯಿತು. ಕೊನೆಗೂ ದೋಷ ನನ್ನ ರಕ್ತದಲ್ಲಿ ಇರಲಿಲ್ಲ.

ಪಟ್ಟಿಗಳ ಬಗ್ಗೆ ಕೇಳಿದಿರಿ. ಅಬ್ಬಾ ಮೊದಲು ತರುತ್ತಿದ್ದ ಅಂಗಡಿ ಮುಚ್ಚಿತು. ಈಗಿನವು ಹಳೇ ಟಿ.ವಿ., ಕಂಪ್ಯೂಟರು ಒಡೆದು ಕರಗಿಸುವ ಒಂದು ಗುಜರಿ ಶೆಡ್ಡಿನಿಂದ ಬಂದವು. ತವರ ಶುದ್ಧವಾಗಿದ್ದರೆ ಬಗ್ಗಿಸಿದಾಗ ಅಳುತ್ತದೆ ಎಂದು ಚಿಕ್ಕಂದಿನಲ್ಲಿ ನನಗೂ ಕಿವಿಯ ಹತ್ತಿರ ಹಿಡಿದು ಕೇಳಿಸಿದ್ದರು. ಹೊಸ ಮಾಲಿನ ಮೇಲೆ ಅವರಿಗೆ ಅನುಮಾನ ಇತ್ತಂತೆ. ನೀವು ಕಿವಿಗೆ ಹಿಡಿದು ತಲೆಯಾಡಿಸಿದ ಮೇಲೆಯೇ ಇಪ್ಪತ್ತು ಪಟ್ಟಿ ತಂದರಂತೆ.

ಐವತ್ತು ಎಲ್ಲಿ ಗುರುಗಳೇ? ಮಕ್ಕಳು ಕೇಳುತ್ತಿದ್ದಾರೆ.

ನಿಮ್ಮ ಸಿದ್ರಾ


ದೊಡ್ಡಬೆಳವಂಗಲ
೨೫ ಜುಲೈ ೨೦೨೪

ಚಿ. ಸಿದ್ರಾಗೆ ಆಶೀರ್ವಾದ.

ಸುರ್ಮಾ ಬಿಡಿಸಿದ್ದು ಒಳ್ಳೆಯದಾಯಿತು. ಒಂದು ತಿಂಗಳು ನೋಡಿ ಮತ್ತೆ ಪರೀಕ್ಷೆ ಮಾಡಿಸು. ಹಾಲು ಚೆನ್ನಾಗಿ ಕುಡಿಸು. ಹುಳಿ ಪದಾರ್ಥಗಳನ್ನು ಸ್ಟೀಲ್ ಪಾತ್ರೆಯಲ್ಲಿ ಮಾಡಿದರೂ ನಡೆಯುತ್ತದೆ, ರುಚಿ ಕೆಡುವುದಿಲ್ಲ.

ಇದರ ಜೊತೆ ಐವತ್ತೆರಡು, ಟೆಲ್ಲೂರಿಯಂ. ಇದರ ಕಣ ಮೈಗೆ ಸೇರಿದವನ ಬಾಯಿ ವಾರಗಟ್ಟಲೆ ಬೆಳ್ಳುಳ್ಳಿ ನಾರುತ್ತದೆ. ಮಕ್ಕಳು ನಗುತ್ತಾರೆ, ಹೇಳು. ಐವತ್ತು ಕೈಗೆ ಬರುತ್ತಿಲ್ಲ. ಮೂರು ಸಲ ಬರೆದು ಹರಿದೆ.

ನನಗೂ ಈಚೆಗೆ ಅಷ್ಟು ಹುಷಾರಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಗೋಪಾಲಪ್ಪ


ವಿಜಯಪುರ
೨೪ ಆಗಸ್ಟ್ ೨೦೨೪

ಗುರುಗಳೇ,

ಸುರ್ಮಾ ಬಿಟ್ಟು ಆರು ವಾರ ಆಯಿತು. ನಿನ್ನೆಯ ವರದಿಯಲ್ಲಿ ಸೀಸ ನಲವತ್ತಾರು.

ಇಳಿಯಬೇಕಾದದ್ದು ಏರಿದೆ. ಮೊನ್ನೆ ಮೆಹಕ್ ಎರಡೇ ಮೆಟ್ಟಿಲಿನಲ್ಲಿ ಕಾಲು ಮಡಚಿ ಬಿದ್ದಳು. ಬಳಪ ಹಿಡಿಯಲು ಕೊಟ್ಟರೆ ಬೆರಳು ಗಟ್ಟಿ ಹಿಡಿಯುವುದಿಲ್ಲ. ಡಾಕ್ಟರ್ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಬರೆದುಕೊಟ್ಟಿದ್ದಾರೆ, ಸೆಪ್ಟೆಂಬರ್ ಹದಿನಾರಕ್ಕೆ ದಿನ ಸಿಕ್ಕಿದೆ. ಅಲ್ಲಿಯವರೆಗೆ ಸೀಸ ಎಲ್ಲಿಂದ ಬರುತ್ತಿದೆ ಹುಡುಕಿ, ಅದನ್ನು ನಿಲ್ಲಿಸದೆ ಔಷಧ ಕೊಟ್ಟರೂ ಉಪಯೋಗವಿಲ್ಲ ಎಂದರು. ನಾನು ಗೋಡೆಯ ಬಣ್ಣ ಕೆರೆದೆ, ಆಟಿಕೆಗಳನ್ನೆಲ್ಲ ಎಸೆದೆ, ಅರಿಶಿನದ ಪುಡಿ ಬದಲಾಯಿಸಿದೆ.

ಅತ್ತೆ ಮತ್ತೆ ಮಾತು ಶುರು ಮಾಡಿದ್ದಾರೆ, ‘ಈಗ ಹೇಳು, ನನ್ನ ಸುರ್ಮಾನಾ, ನಿನ್ನ ತವರಾ?’ ಅವರಿಗೆ ಏನು ಉತ್ತರ ಕೊಡಲಿ?

ಸ್ಟೀಲ್ ಪಾತ್ರೆ ಅಂದಿದ್ದಿರಿ. ಅಬ್ಬಾ ಕಷ್ಟಪಟ್ಟು ಕಲಾಯಿ ಹಾಕಿಕೊಟ್ಟದ್ದನ್ನು ಅಟ್ಟಕ್ಕೆ ಹಾಕಿದರೆ ಅವರ ಮನಸ್ಸಿಗೆ ನೋವಾಗುತ್ತದೆ ಎಂದು ಬದಲಾಯಿಸಲಿಲ್ಲ. ನಿಮ್ಮನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ. ಒಂದೇ ಮಾತಿನಲ್ಲಿ ಹೇಳಿ, ದೋಷ ಎಲ್ಲಿದೆ?

ಸಿದ್ರಾ


ದೊಡ್ಡಬೆಳವಂಗಲ
೨೯ ಆಗಸ್ಟ್ ೨೦೨೪
(ಅಂಚೆ ಕಾರ್ಡು)

ಚಿ. ಸಿದ್ರಾಗೆ,

ಬರೀ ಸುರ್ಮಾ ಅಲ್ಲ. ದೋಷ ತವರಲ್ಲಿದೆ. ಮಗುವನ್ನು ಅದರಿಂದ ದೂರ ಇಡು. ಕಾರಣ ವಿವರವಾಗಿ ಬರೆಯುತ್ತೇನೆ, ನನಗೆ ಸ್ವಲ್ಪ ಸಮಯ ಕೊಡು.

ಗೋಪಾಲಪ್ಪ


ಹೊಸಕೋಟೆ
೬ ಸೆಪ್ಟೆಂಬರ್ ೨೦೨೪

ಶ್ರೀ ಗೋಪಾಲಪ್ಪನವರಿಗೆ,

ನಿಮ್ಮ ಕಾರ್ಡು ತಲುಪಿತು. ಪೋಸ್ಟ್‌ಮನ್ ಅದನ್ನು ಅತ್ತೆಯ ಕೈಗೆ ಕೊಟ್ಟ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಮಗನ ಕೈಗೆ ಕೊಟ್ಟರು. ಸಕ್ಲೇನ್ ಹಜಾರದಲ್ಲಿ ನಿಂತು ಗಟ್ಟಿಯಾಗಿ ಓದಿದರು. ದೋಷ ತವರಲ್ಲಿದೆ. ಮಗುವನ್ನು ಅದರಿಂದ ದೂರ ಇಡು. ಅತ್ತೆ ಎರಡನೆಯ ಸಲ ಓದಿಸಿದರು. ‘ನಿನ್ ಮೇಷ್ಟ್ರೇ ಬರ್ದವ್ರೆ, ಇನ್ನೇನ್ ಬೇಕು?’ ಅಂದರು.

ತಾಯಿ ಇಲ್ಲದ ನನ್ನನ್ನು ಅಬ್ಬಾ ಹೇಗೆ ಬೆಳೆಸಿದರು ಎಂದು ನಿಮಗೆ ಗೊತ್ತಿತ್ತು. ಮಸಿ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಮ್ಮ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, ‘ಇವ್ಳನ್ನ ಓದ್ಸಿ ಮೇಷ್ಟ್ರೇ’ ಎಂದು ಕೇಳಿಕೊಂಡಿದ್ದರು. ಆ ಮನೆಯ ರಕ್ತದಲ್ಲಿ ಸೀಸ ಹುಟ್ಟುತ್ತದೆ ಎಂದು ಯಾವ ಪುಸ್ತಕದಲ್ಲಿದೆ? ಅತ್ತೆ ಹೇಳಿದಾಗ ತಿಳಿಯದವರು ಎಂದು ಸಹಿಸಿಕೊಂಡೆ. ನೀವು ಹೇಳಿದ್ದನ್ನು ಸಹಿಸಿಕೊಳ್ಳಲು ಆಗುತ್ತಿಲ್ಲ.

ದೂರ ಇಡು ಎಂದಿರಿ. ನಾನು ಅದೇ ದಿನ ಮೆಹಕ್‌ಳನ್ನು ಎತ್ತಿಕೊಂಡು ತವರಿಗೇ ಬಂದೆ. ಅಬ್ಬಾಗೆ ಕಾರಣ ಹೇಳಿಲ್ಲ. ಅವರು ಮೊಮ್ಮಗಳು ಬಂದಳೆಂದು ಕೆಲಸ ಬಿಟ್ಟು ಮೂರು ಹೊತ್ತೂ ತಾವೇ ಅಡುಗೆ ಮಾಡುತ್ತಿದ್ದಾರೆ. ಇಲ್ಲಿರುವುದೆಲ್ಲ ಅವರು ಕಲಾಯಿ ಹಾಕಿದ ಪಾತ್ರೆಗಳೇ, ನೀವು ಹೇಳಿದ ಸ್ಟೀಲ್ ಒಂದೂ ಇಲ್ಲ, ಇನ್ನು ಅದರ ಚಿಂತೆ ನಿಮಗೆ ಬೇಡ. ಆಸ್ಪತ್ರೆಗೆ ಇಲ್ಲಿಂದಲೇ ಹೋಗುತ್ತೇವೆ.

ಇನ್ನು ಪತ್ರ ಬೇಡ.

ಸಿದ್ರಾ, ನಜೀಬುಲ್ಲಾ ಅವರ ಮಗಳು


ದೊಡ್ಡಬೆಳವಂಗಲ
೯ ಸೆಪ್ಟೆಂಬರ್ ೨೦೨೪

ಸಿದ್ರಾ,

ಮೊದಲು ಮಗುವಿನ ಕೈಯಲ್ಲಿ ಕಲಾಯಿ ಹಾಕಿದ ಲೋಟ ಇದ್ದರೆ ಕಿತ್ತುಕೋ. ಒಲೆಯ ಮೇಲೆ ಇರುವುದನ್ನು ಚೆಲ್ಲು. ಆಮೇಲೆ ಉಳಿದದ್ದನ್ನು ಓದು.

ನಾನು ಬರೆಯಬೇಕಾಗಿದ್ದದ್ದು ‘ದೋಷ ತವರದಲ್ಲಿದೆ’ ಎಂದು. ನಿನ್ನ ತವರಲ್ಲಿ ಅಲ್ಲ, ಪಾತ್ರೆಯ ತವರದಲ್ಲಿ. ಒಂದು ‘ದ’ ಬಿಟ್ಟುಹೋಯಿತು. ಒಂದು ಅಕ್ಷರ ಬಿಟ್ಟವರನ್ನು ಮೂವತ್ತೆಂಟು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ ನಾನು. ನಿನ್ನ ಪತ್ರ ಓದಿದಾಗ ಮೊದಲು ಅರ್ಥವೇ ಆಗಲಿಲ್ಲ. ನನ್ನ ಹೆಂಡತಿ ಮುನಿವೆಂಕಟಮ್ಮ ನಿನಗೆ ನಾಲ್ಕು ಸಲ ಫೋನ್ ಮಾಡಿದಳು, ನೀನು ಎತ್ತಲಿಲ್ಲ. ಅಂಚೆಯನ್ನು ನಂಬಿ ಕೂರುವ ಹೊತ್ತಲ್ಲ, ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಈ ವಯಸ್ಸಿನಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ ಎಂದು ಬಸ್ಸು ಬದಲಿಸಿಕೊಂಡು ಬರುತ್ತಿದ್ದಾಳೆ. ನಾನೇ ಬರಬೇಕಾಗಿತ್ತು. ನಿಮ್ಮ ತಂದೆಯ ಮುಖ ನೋಡುವ ಧೈರ್ಯ ನನಗಿಲ್ಲ.

ಏಕೆಂದು ಹೇಳುತ್ತೇನೆ. ಹಳೇ ಕಂಪ್ಯೂಟರಿನ ಬೆಸುಗೆ ಕರಗಿಸಿದರೆ ಬರುವುದು ಬರೀ ತವರವಲ್ಲ, ಅದರಲ್ಲಿ ಅರ್ಧದ ಹತ್ತಿರ ಸೀಸವೇ ಇರಬಹುದು. ಹುಣಸೆಹುಳಿ ತಾಗಿದರೆ ಅದು ಸಾರಿಗೆ ಇಳಿಯುತ್ತದೆ. ಸೀಸ ಬೆರೆತ ಪಟ್ಟಿಯನ್ನು ಬಗ್ಗಿಸಿದರೆ ತವರದ ಅಳು ಅಡಗಿಹೋಗುತ್ತದೆ. ಇದು ಗೊತ್ತಿದ್ದೇ ನಿಮ್ಮ ತಂದೆ ಫೆಬ್ರವರಿಯಲ್ಲಿ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ‘ಅಳ್ತದಾ ಮೇಷ್ಟ್ರೇ?’ ಎಂದು ಕೇಳಿದರು. ಅವರು ಏನು ಕೇಳಿದರೆಂದು ತುಟಿ ನೋಡಿ ತಿಳಿದುಕೊಂಡೆ. ಶೆಡ್ಡಿನಲ್ಲಿ ಇನ್ನೂ ನಾಲ್ಕು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಿವಿಗೆ ಹಿಡಿದು ಬಗ್ಗಿಸಿ, ತಲೆಯಾಡಿಸಿದೆ.

ನನಗೆ ಏನೂ ಕೇಳಿಸಿರಲಿಲ್ಲ ಸಿದ್ರಾ. ನನಗೆ ಕಿವಿ ಕೇಳಿಸುವುದಿಲ್ಲ. ಮೊದಲು ಹಕ್ಕಿಗಳ ಸದ್ದು ಹೋಯಿತು, ಆಮೇಲೆ ಫೋನಿನ ಮಾತು, ಈಗ ಮನೆಯಲ್ಲಿ ಕೂಗಿ ಹೇಳಿದರೂ ಅರ್ಧ ಕೇಳಿಸಿದರೆ ಹೆಚ್ಚು. ಸಿಗ್ನಲ್ ಇಲ್ಲದ್ದು ಊರಿಗಲ್ಲ. ಎಲ್ಲ ಬಲ್ಲ ಮೇಷ್ಟ್ರು ಕಿವುಡನಾದ ಎಂದು ಜನ ಅನ್ನುತ್ತಾರೆಂದು ಮುಚ್ಚಿಟ್ಟೆ.

ಇನ್ನೂ ಕೆಟ್ಟದ್ದು ಇದೆ. ನಿನ್ನ ಮೊದಲ ಪತ್ರ ಓದಿದಾಗಲೇ ನನಗೆ ಅನುಮಾನ ಬಂತು. ಗುಜರಿ ಎಂದು ತಿಳಿದಾಗ ಖಾತರಿ ಆಯಿತು. ಆದರೂ ಸುರ್ಮಾವೇ ಕಾರಣವಾಗಿರಲಿ ಎಂದು ಆಸೆಪಟ್ಟೆ. ಬಶೀರುನ್ನೀಸಾ ಅವರ ಮೇಲೆ ತಪ್ಪು ಬಿದ್ದಾಗ ಸುಮ್ಮನೆ ಕೂತೆ. ಸ್ಟೀಲ್ ಪಾತ್ರೆ ಎಂದು ಒಂದು ಸಾಲು ಬರೆದು, ಕರ್ತವ್ಯ ಮುಗಿಯಿತು ಎಂದುಕೊಂಡೆ. ನನ್ನ ಮಾನ ಉಳಿಸಿಕೊಳ್ಳಲು ನಿನ್ನ ಮಗುವಿನ ಎರಡು ತಿಂಗಳು ತೆಗೆದುಕೊಂಡೆ.

ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ. ಪಾತ್ರೆಗಳನ್ನು ಮಾತ್ರ ಈಗಲೇ ತೆಗೆ.

ಗೋಪಾಲಪ್ಪ


ಹೊಸಕೋಟೆ
೫ ಅಕ್ಟೋಬರ್ ೨೦೨೪

ಶ್ರೀ ಗೋಪಾಲಪ್ಪನವರಿಗೆ,

ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ ಎಂದು ಬರೆಯುತ್ತಿದ್ದೇನೆ.

ನಿಮ್ಮ ಹೆಂಡತಿ ಒಳಗೆ ಬಂದವರು ತಾವು ಯಾರೆಂದೂ ಹೇಳದೆ ನೇರವಾಗಿ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿನ ದಾಲ್ಚಾವನ್ನು ದೇಗ್ಚಿ ಸಮೇತ ಎತ್ತಿಕೊಂಡು ಹೋಗಿ ಮೋರಿಗೆ ಸುರಿದರು. ಅಬ್ಬಾ ಕಳ್ಳರು ಬಂದರೆಂದು ತಿಳಿದು ಇಕ್ಕಳ ಹಿಡಿದು ಓಡಿ ಬಂದಿದ್ದರು. ಆಮೇಲೆ ಆ ತಾಯಿ ಅಂಗಳದಲ್ಲೇ ಕುಸಿದು ಕೂತು ನೀರು ಕೇಳಿದರು. ಮನೆಯಲ್ಲಿ ಅವರಿಗೆ ನೀರು ಕೊಡಲು ಒಂದು ಸ್ಟೀಲ್ ಲೋಟ ಇರಲಿಲ್ಲ. ಪಕ್ಕದ ಮನೆಯಿಂದ ತಂದೆ.

ಆಸ್ಪತ್ರೆಗೆ ಸೇರಿಸಿದ ದಿನ ಸೀಸ ಐವತ್ತೆಂಟು ಇತ್ತು. ಇನ್ನೂ ಒಂದೆರಡು ವಾರ ಕಳೆದಿದ್ದರೆ ಫಿಟ್ಸ್ ಬರಬಹುದಿತ್ತು ಎಂದರು. ಸೀಸವನ್ನು ಹಿಡಿದು ಹೊರಗೆ ತರುವ ಔಷಧ ಕೊಟ್ಟರು. ಮೂಳೆಯೊಳಗೆ ಕೂತದ್ದು ಬೇಗ ಬರುವುದಿಲ್ಲವಂತೆ, ತಿಂಗಳುಗಳು ಬೇಕು. ಕಲಿಕೆಗೆ ಏನಾದರೂ ಪೆಟ್ಟು ಬಿದ್ದಿದೆಯೇ ಎಂದು ಕೇಳಿದ್ದಕ್ಕೆ, ಈಗಲೇ ಹೇಳಲಾಗದು ಎಂದರು. ಈ ಮಾತನ್ನು ನಿಮಗೆ ಹೇಳಲೇಬೇಕು ಅನ್ನಿಸಿತು.

ಕಾರ್ಡಿನಲ್ಲಿ ಬಿಟ್ಟುಹೋದ ಅಕ್ಷರದ ವಿಷಯ ತಿಳಿದು ಸಕ್ಲೇನ್ ಬಂದರು. ಅತ್ತೆಯೂ ಬಂದರು. ಐದು ದಿನ ಮಂಚದ ಪಕ್ಕದಿಂದ ಅಲ್ಲಾಡಲಿಲ್ಲ. ನಾನು ಅವರ ಸುರ್ಮಾದ ವಿಷಯ ತೆಗೆದೆ. ‘ಅದೂ ಒಳ್ಳೇದಲ್ಲ ಅಂತ ಇಲ್ಲಿನ ಡಾಕ್ಟ್ರೂ ಅಂದ್ರು ಬಿಡು’ ಎಂದು ನನ್ನ ಕೈ ಹಿಡಿದುಕೊಂಡರು.

ಅಬ್ಬಾ ಶೆಡ್ಡು ಮುಚ್ಚಿದ್ದಾರೆ. ಫೆಬ್ರವರಿಯಿಂದ ಯಾರ್ಯಾರ ಪಾತ್ರೆ ಮಾಡಿಕೊಟ್ಟಿದ್ದರೋ ಆ ಮನೆಗಳಿಗೆಲ್ಲ ಮೊಪೆಡ್‌ನಲ್ಲಿ ಹೋಗಿ, ‘ನಾನು ಹಾಕಿದ್ದು ವಿಷ, ವಾಪಸ್ ಕೊಡಿ’ ಎಂದು ಕೇಳುತ್ತಿದ್ದಾರೆ. ಅನುಗೊಂಡನಹಳ್ಳಿಯಲ್ಲಿ ಬೈರಣ್ಣ ಎಂಬ ಮದುವೆ ಅಡುಗೆಯವರು ಎಲ್ಲರೆದುರು ಅವರ ಕೊರಳಪಟ್ಟಿ ಹಿಡಿದರಂತೆ. ಮನೆಗೆ ಬಂದು ಕೂತು ಕಲಾಯಿ ಕೆರೆಯುತ್ತಾರೆ.

ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಿಲ್ಲ. ಮಾಲು ಕೆಟ್ಟದಿತ್ತು ಎಂದಷ್ಟೇ ಹೇಳಿದ್ದೇನೆ. ಮೇಷ್ಟ್ರು ನೋಡಿದ್ದು ಒಳ್ಳೆಯ ಪಟ್ಟಿ, ಗುಜರಿಯವನು ಆಮೇಲೆ ಬೇರೆಯದು ಕೊಟ್ಟು ಮೋಸ ಮಾಡಿದ ಎಂದು ಅವರು ನಂಬಿದ್ದಾರೆ. ಹಾಗೇ ನಂಬಿಕೊಂಡಿರಲಿ. ಇದು ನಿಮಗಾಗಿ ಅಲ್ಲ, ಅವರಿಗಾಗಿ. ಧಾತುಗಳನ್ನು ಇನ್ನು ಕಳಿಸಬೇಡಿ.

ಸಿದ್ರಾ


ದೊಡ್ಡಬೆಳವಂಗಲ
೧೪ ಅಕ್ಟೋಬರ್ ೨೦೨೪

ಸಿದ್ರಾ,

ಕಳಿಸಬೇಡಿ ಎಂದಿದ್ದೀಯ. ಇದೊಂದನ್ನು ಮಾತ್ರ ಕಳಿಸುತ್ತೇನೆ, ಇನ್ನು ಪೀಡಿಸುವುದಿಲ್ಲ.

‘ಐವತ್ತು. ತವರ. ಬೇರೆ ಯಾವ ಧಾತುವಿಗೂ ಇಷ್ಟು ಸ್ಥಿರ ಐಸೋಟೋಪುಗಳಿಲ್ಲ, ಇದಕ್ಕೆ ಹತ್ತು ಇವೆ. ತೀರಾ ಚಳಿಯ ದೇಶದಲ್ಲಿ ಇದು ಬೂದಿಯ ಹಾಗೆ ಉದುರಿಹೋಗುವುದುಂಟು. ನಮ್ಮ ಹವೆ ಅದಕ್ಕೆ ಒಗ್ಗುತ್ತದೆ. ಶುದ್ಧ ತವರದ ಪಟ್ಟಿಯನ್ನು ಬಗ್ಗಿಸಿದರೆ ಒಳಗಿನ ಹರಳುಗಳು ಸರಿದು ಕಿರ್ ಎಂದು ಸದ್ದು ಬರುತ್ತದೆ. ಅದನ್ನು ತವರದ ಅಳು ಎನ್ನುತ್ತಾರೆ. ಕಲಾಯಿಯವರು ಅದನ್ನು ಕೇಳಿಯೇ ಮಾಲು ಆರಿಸುತ್ತಿದ್ದರು. ಒಂದು ಸಲ ಹೊಸಕೋಟೆಯ ಕಲಾಯಿಗಾರರೊಬ್ಬರು ಪಟ್ಟಿಯನ್ನು ವಿಜ್ಞಾನದ ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿ ತಲೆಯಾಡಿಸಿದರು. ಆ ಪಟ್ಟಿಯಲ್ಲಿ ಸೀಸ ಇತ್ತು. ಒಂದು ಮಗು ಅದನ್ನು ಉಂಡಿತು. ಗೊತ್ತಿಲ್ಲ ಎಂದು ಹೇಳಲು ಬಾರದವನು ವಿಜ್ಞಾನ ಕಲಿಸಬಾರದು.’

ಪುಸ್ತಕದಲ್ಲಿ ಹೀಗೇ ಅಚ್ಚಾಗುತ್ತದೆ, ನನ್ನ ಹೆಸರಿನ ಸಮೇತ. ಅದಕ್ಕೆ ಮುಂಚೆ ಸಾಬರು ಕೇಳಬೇಕು. ಮಾಡದ ತಪ್ಪಿಗೆ ಅವರು ಮನೆಮನೆ ಅಲೆದು ಬೈಸಿಕೊಳ್ಳುತ್ತಿದ್ದಾರೆ. ನನ್ನನ್ನು ಕಾಯಬೇಡ. ಓದಿ ಹೇಳು.

ಗೋಪಾಲಪ್ಪ


ವಿಜಯಪುರ
೧೨ ಜನವರಿ ೨೦೨೫

ಗುರುಗಳಿಗೆ,

ಮೂರು ತಿಂಗಳು ನಿಮ್ಮ ಐವತ್ತನೆಯ ಧಾತುವನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ. ಓದಿ ಹೇಳಲು ಧೈರ್ಯ ಬರಲಿಲ್ಲ. ಮೊನ್ನೆಯ ವರದಿಯಲ್ಲಿ ಮೆಹಕ್‌ಳ ಸೀಸ ಹದಿನಾಲ್ಕಕ್ಕೆ ಇಳಿದಿದೆ. ಬಳಪ ಹಿಡಿಯುತ್ತಾಳೆ. ಮರೆತಿದ್ದ ಹಾಡುಗಳಲ್ಲಿ ಒಂದು ಪೂರ್ತಿ ಬಂತು, ಇನ್ನೊಂದು ಅರ್ಧಕ್ಕೇ ನಿಲ್ಲುತ್ತದೆ. ಆ ಅರ್ಧದ ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಹೋಗುವುದೂ ಇಲ್ಲವೇನೋ. ಆದರೂ ವರದಿ ಹಿಡಿದುಕೊಂಡು ಹೊಸಕೋಟೆಗೆ ಹೋದಾಗ, ಶೆಡ್ಡಿನಲ್ಲಿ ಕೂರಿಸಿ ಅಬ್ಬಾಗೆ ಓದಿಬಿಟ್ಟೆ.

ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ, ಇಲ್ಲವೆ ಅತ್ತುಬಿಡುತ್ತಾರೆ ಎಂದು. ಇಕ್ಕಳ ಕೆಳಗಿಟ್ಟರು ಅಷ್ಟೆ. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

‘ಅವತ್ತು ಪಟ್ಟಿ ಅಳ್ಲಿಲ್ಲ ಬೇಟಿ. ನಂಗೊತ್ತಿತ್ತು. ನಲವತ್ತು ವರ್ಷದಿಂದ ಕೇಳ್ತಾ ಇದೀನಿ, ನಂಗೊತ್ತಾಗಲ್ವಾ? ಮೇಷ್ಟ್ರ ಕೈಗೆ ಕೊಡೋಕ್ ಮುಂಚೆ ನಾನೇ ಮೂರ್ ಸಲ ಬಗ್ಸಿ ನೋಡಿದ್ದೆ. ಏನೂ ಕೇಳ್ಲಿಲ್ಲ. ಆದ್ರೆ ಮೇಷ್ಟ್ರು ತಲೆ ಆಡ್ಸಿದ್ರು. ಅಷ್ಟು ಓದಿರೋರಿಗೆ ಕೇಳ್ಸಿದೆ ಅಂದ್ಮೇಲೆ ನನ್ ಕಿವಿನೇ ಹೋಗಿದೆ ಅಂದ್ಕೊಂಡೆ. ಕಿವುಡ ಕಲಾಯಿ ಸಾಬಿ ಹತ್ರ ಯಾರ್ ಬರ್ತಾರೆ? ನಾಚ್ಕೆ ಆಯ್ತು. ಅವತ್ತಿಂದ ಒಂದು ಪಟ್ಟೀನೂ ಬಗ್ಸಿ ನೋಡ್ಲಿಲ್ಲ.’

ಗುಜರಿಯವನು ಆಮೇಲೆ ಮೋಸ ಮಾಡಿದ ಎಂಬ ಕಥೆಯನ್ನು ನನ್ನ ಸಮಾಧಾನಕ್ಕೆ ಅವರು ಕಟ್ಟಿದ್ದರಂತೆ. ಅವರ ಸಮಾಧಾನಕ್ಕೆ ಎಂದು ನಾನು ಅದಕ್ಕೆ ತಲೆಯಾಡಿಸಿದ್ದೆ.

ಆಮೇಲೆ ಎದ್ದು, ಬೆಂಗಳೂರಿನಿಂದ ಹೊಸದಾಗಿ ತಂದಿದ್ದ ಶುದ್ಧ ತವರದ ಪಟ್ಟಿಯೊಂದನ್ನು ತೆಗೆದುಕೊಂಡರು. ಹನ್ನೊಂದು ತಿಂಗಳ ನಂತರ ಮೊದಲ ಸಲ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಅವರ ಕಣ್ಣು ನೋಡಿಯೇ ನನಗೆ ಗೊತ್ತಾಯಿತು. ಮೆಹಕ್‌ಳನ್ನು ಕರೆದು ಅವಳ ಕಿವಿಗೂ ಹಿಡಿದರು. ‘ನಾನಾ, ಇದು ಯಾಕೆ ಅಳ್ತಿದೆ?’ ಎಂದು ಅವಳು ಕೇಳಿದಳು.

ಆ ಪಟ್ಟಿಯಿಂದ ಒಂದು ಬೆರಳುದ್ದ ಕತ್ತರಿಸಿ, ಉಜ್ಜಿ ತೊಳೆದು ಕೊಟ್ಟಿದ್ದಾರೆ, ಈ ಲಕೋಟೆಯಲ್ಲಿದೆ. ಲ್ಯಾಬಿನಲ್ಲಿ ನೋಡಿಸಿದ ಮಾಲು, ಸೀಸ ಇಲ್ಲ. ಉಳಿದದ್ದು ಅವರು ಅಲ್ಲೇ ಹೇಳಿ ಬರೆಸಿದ್ದು.

‘ಮೇಷ್ಟ್ರೇ, ಸಲಾಮ್. ಮಗು ವಿಷ್ಯದಲ್ಲಿ ನಿಮ್ಮನ್ನ ಮಾಫ್ ಮಾಡೋಕೆ ನಂಗಿನ್ನೂ ಆಗಿಲ್ಲ, ನನ್ನನ್ನೂ ಮಾಡ್ಕೊಂಡಿಲ್ಲ. ಅದಿರ್ಲಿ. ಈ ತುಂಡಿನ ಒಂದ್ ತುದಿ ಹಲ್ಲಲ್ಲಿ ಕಚ್ಕೊಳಿ, ಇನ್ನೊಂದ್ ತುದಿ ಕೈಯಲ್ಲಿ ಹಿಡ್ದು ನಿಧಾನಕ್ಕೆ ಬಗ್ಸಿ. ಕಿವಿಗೆ ಬರ್ದೇ ಇದ್ರೂ ಒಂದೊಂದ್ಸಲ ಮೂಳೆಗೆ ಬರುತ್ತೆ, ನಮ್ಮಪ್ಪಂಗೂ ಕೊನೇಲಿ ಹಂಗೇ ಕೇಳ್ಸ್ತಿದ್ದಿದ್ದು. ಮುಂದಿನ್ ಭಾನುವಾರ ನಾನೇ ನಿಮ್ಮೂರಿಗೆ ಬರ್ತೀನಿ. ಕೇಳ್ಸಿದ್ರೆ ಮಾತ್ರ ತಲೆ ಆಡ್ಸಿ.’

ಸಿದ್ರಾ